ಒಲಿ ಮುಂದ ಕುಂತಾಕಿಗೆ ಎಷ್ಟು ಮಾರ್ಕ್ಸು?

ಈ ಸಲ ಸಂಡಗಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲ ಆತು ತಗೋರಿ. ನಡುವ ನಮ್ಮ ಮನ್ಯಾಗ ಒಂದು ಮಾತು ನಡೀತು, ಅದನ್ನ ಮೊದಲ ಹೇಳಿಬಿಡ್ತೀನಿ. ಕಾಲೇಜಿಗೆ ಹೋಗೋ ಮಕ್ಕಳಿದ್ದವರು ಕಡೀತನ ಓದ್ರಿ.

ನಮ್ಮ ಮಗಳು ಬಾಗಲಕೋಟಿಯೊಳಗ ಡಿಗ್ರಿ ಓದ್ತಾಳ, ನವನಗರದಾಗ ರೂಮ್ ಮಾಡ್ಕೊಂಡು ಇರ್ತಾಳ ಅಂತ ನಿಮಗ ಗೊತ್ತೈತಿ. ಈಗ ಕಾಲೇಜಿನ್ಯಾಗ ಗ್ರೂಪ್ ಪ್ರಾಜೆಕ್ಟ್ ಅಂತ ಕೊಡ್ತಾರ. ನಾಲ್ಕೈದು ಹುಡುಗರು ಕೂಡಿ ಒಂದು ಕೆಲಸ ಮಾಡಬೇಕು, ವರದಿ ಬರೀಬೇಕು, ಎಲ್ಲಾರ ಮುಂದ ನಿಂತು ಹೇಳಬೇಕು. ಹೋದ ವರ್ಷ ಅದರ ಮಾರ್ಕ್ಸ್ ಬಂದ ದಿನ ಇಕಿ ಮನಿಗೆ ಬಂದಾಕಿನ ಚೀಲ ಒಗದು ಅಳಾಕ ಹತ್ತಿದ್ಲು. "ಅವ್ವಾ, ರಾತ್ರಿ ಎರಡರ ತನಕ ಕುಂತು ಬರದಾಕಿ ನಾನು. ಏನೂ ಮಾಡದವರಿಗೂ 42, ನನಗೂ 42" ಅಂದ್ಲು. ನಾ ಸಮಾಧಾನಕ್ಕ "ಹೋಗಲಿ ಬಿಡವಾ, ದೇವ್ರು ನೋಡ್ತಿರ್ತಾನ" ಅಂದೆ. "ದೇವ್ರು ಮಾರ್ಕ್ಸ್ ಕಾರ್ಡಿಗೆ ಸಹಿ ಮಾಡಂಗಿಲ್ಲವಾ" ಅಂದ್ಲು. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.

ಈ ವರ್ಷ ಹೊಸಾ ಮೇಡಂ ಬಂದಾರ. ಅವರು ಮೊದಲ ದಿನಾನ ಒಂದು ಕತಿ ಹೇಳಿದ್ರಂತ. ಫ್ರಾನ್ಸ್ ದೇಶದಾಗ ರಿಂಗೆಲ್‌ಮನ್ ಅಂತ ಒಬ್ಬ ಎಂಜಿನಿಯರ್ ಇದ್ದ. ಅಂವ ಮಂದಿ ಕಡೆಯಿಂದ ಹಗ್ಗ ಎಳಸಿ ಬಲ ಅಳದಾನ, 1913ರೊಳಗ ಅದನ್ನ ಅಚ್ಚು ಮಾಡ್ಯಾನ. ಒಬ್ಬೊಬ್ಬರ ಎಳದಾಗ ಇದ್ದ ಬಲ ಎಂಟು ಮಂದಿ ಕೂಡಿ ಎಳದಾಗ ಇರಲಿಲ್ಲ. ಎಂಟು ಮಂದಿದು ಕೂಡಿಸಿದ್ರೂ ಹತ್ತಹತ್ರ ನಾಲ್ಕು ಮಂದಿ ಬಲ ಆತಂತ. ಅರ್ಧ ಎಲ್ಲಿ ಹೋತು? ಸ್ವಲ್ಪ, ಎಲ್ಲಾರೂ ಒಂದ ಸಲಕ್ಕ ಎಳೀಲಿಲ್ಲ ಅಂತ. ಸ್ವಲ್ಪ, ಬ್ಯಾರೆದವರು ಎಳೀತಾರಲ್ಲ ಅಂತ.

ಕೇಳಿ ನನಗ ನಗು ಬಂತು. ಬದಾಮಿ ಬನಶಂಕರಿ ಜಾತ್ರಿಗೆ ಬನದ ಹುಣ್ಣಿವಿ ದಿನ ನೀವೂ ಹೋಗೀರಿ, ನಾನೂ ಹೋಗೀನಿ. ತೇರಿನ ಹಗ್ಗಕ್ಕ ಕೈ ಹಚ್ಚಿದವರು ಎಷ್ಟು ಮಂದಿ, ಎಳದವರು ಎಷ್ಟು ಮಂದಿ? ತೇರಂತೂ ಮುಂದ ಹೋಗತೈತಿ, ಪುಣ್ಯಾನೂ ಎಲ್ಲಾರಿಗೂ ಬರತೈತಿ. ಆದ್ರ ಮಾರ್ಕ್ಸ್ ಅಂದ್ರ ಪುಣ್ಯ ಅಲ್ಲಲ್ಲ.

ಅದಕ್ಕ ಮೇಡಂ ಒಂದು ಕಾಗದಾ ಕೊಟ್ರು. ವರದಿಗೆ ಮಾರ್ಕ್ಸ್ ಅವರು ಹಾಕ್ತಾರ. ಆದ್ರ ಯಾರು ಎಷ್ಟು ದುಡದ್ರು ಅನ್ನೋದನ್ನ ಜೊತಿ ಹುಡುಗರ ಹೇಳಬೇಕು, ಒಬ್ಬರದು ಒಬ್ಬರಿಗೆ ತೋರಿಸಬಾರದು. ತನಗ ತಾನು ಹಾಕ್ಕೊಳ್ಳಂಗಿಲ್ಲ. ಉಳಿದ ನಾಲ್ಕು ಮಂದಿಗೆ ಒಬ್ಬೊಬ್ಬರಿಗೆ ಹತ್ತರೊಳಗ ಎಷ್ಟು ಅಂತ ಬರೀಬೇಕು. ಹೇಳಿದ ಹೊತ್ತಿಗೆ ಬಂದ್ರೇನು, ಒಪ್ಪಿಕೊಂಡ ಕೆಲಸ ಮುಗಿಸಿದ್ರೇನು, ಬ್ಯಾರೆದವರಿಗೆ ಕೈ ಜೋಡಿಸಿದ್ರೇನು ಅಂತ ನೋಡಿ ಹಾಕಬೇಕು, ಯಾಕ ಹಾಕಿದೆ ಅಂತ ಎರಡು ಸಾಲು ಬರೀಬೇಕು.

ಆಮ್ಯಾಲ ಲೆಕ್ಕ ಹಿಂಗ. ವರದಿಗೆ 50ಕ್ಕ 40 ಬಂತು ಅಂತ ಇಟ್ಕೋರಿ. ಐದೂ ಮಂದಿಯ ಸರಾಸರಿ 8 ಬಂತು. ಯಾರಿಗೆ 8 ಬಂದೈತಿ ಅವರಿಗೆ 40ಕ್ಕ 40. ಯಾರಿಗೆ 9, ಅವರಿಗೆ 45. ಯಾರಿಗೆ 6, ಅವರಿಗೆ 30. ನಮ್ಮಕಿ ಭಾಳ ಖುಷಿ ಆದ್ಲು. ನಾನೂ ಆದೆ.

ಇವರ ಗುಂಪಿನ್ಯಾಗ ನಮ್ಮಕಿ, ಬದಾಮಿ ಕಡೆ ಒಬ್ಬ ಹುಡುಗ, ಬಾಗಲಕೋಟಿಯವರ ಇಬ್ಬರು, ಹುನಗುಂದದಿಂದ ದಿನಾ ಬಸ್ಸಿಗೆ ಓಡಾಡೋ ಒಬ್ಬ ಹುಡುಗಿ. ಇಳಕಲ್ಲಿನ ನೇಕಾರರ ಮನಿ ಸಮೀಕ್ಷೆ ಇವರ ವಿಷಯ. ಹಂಗಾಗಿ ನಮ್ಮ ಮನೀನ ಇವರ ಆಫೀಸು ಆತು. ಮೂರು ಐತವಾರ ನಾ ಚಾ, ಚುರಮರಿ ಮಾಡಿ ಹಾಕೀನಿ.

ಕಾಗದಾ ತುಂಬೋ ರಾತ್ರಿ ನಮ್ಮಕಿ ಊರಾಗ ಇದ್ಲು. ಮೊಬೈಲಿನ್ಯಾಗ ಟಣ್ ಟಣ್ ಮೆಸೇಜು ಬರ್ತಿದ್ವು. ಏನು ಅಂತ ಕೇಳಿದ್ರ, "ನಾವು ನಾಲ್ಕೂ ಮಂದಿ ಮಾತಾಡ್ಕೊಂಡೇವಿ. ಒಬ್ಬರಿಗೊಬ್ಬರು ಹತ್ತು ಹತ್ತು ಹಾಕೋದು, ಆ ಹುನಗುಂದದಾಕಿಗೆ ಎರಡು" ಅಂದ್ಲು. ಯಾಕಂದ್ರ, "ಒಂದು ಮೀಟಿಂಗಿಗೂ ಬರಲಿಲ್ಲ, ಫೋನ್ ಎತ್ತಂಗಿಲ್ಲ, ಒಂದು ಸ್ಲೈಡೂ ಮಾಡಿಲ್ಲ."

ನಾ ಪಿಯುಸಿ ಓದಿದಾಕಿ, ಕೂಡಿಸಿ ಭಾಗಾಕಾರ ಮಾಡಾಕ ಬರತೈತಿ. ಕ್ಯಾಲೆಂಡರ್ ಹಿಂದ ಬರದೆ. ಆ ಹುಡುಗಿ ಇವರಿಗೆಲ್ಲಾ ಎಂಟೆಂಟು ಕೊಟ್ಲು ಅಂದ್ರೂ ಇವರ ಸರಾಸರಿ 9.5, ಆಕೀದು 2. ಐದೂ ಮಂದೀದು ಕೂಡಿಸಿ ಭಾಗಿಸಿದ್ರ 8. ವರದಿಗೆ 40 ಬಂದ್ರ ನಮ್ಮಕಿಗೆ 47.5. ಆ ಹುಡುಗಿಗೆ ಬರೇ 10. ಐವತ್ತಕ್ಕ ಹತ್ತು ಅಂದ್ರ ನಪಾಸ ಆದಂಗ.

ನನಗ ಒಮ್ಮೆಲೆ ನಮ್ಮ ಮೈದುನನ ಮದವಿ ನೆನಪಾತು.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಮದವಿಗೆ ಖಡಕ್ ರೊಟ್ಟಿ ಬಡಿಯಾಕ ಓಣಿ ಹೆಣ್ಮಕ್ಕಳು ಕೂಡಿದ್ವಿ. ಕೆಲವರು ಹಿಟ್ಟು ನಾದೋರು, ಕೆಲವರು ಬಡಿಯೋರು, ಕೆಲವರು ಹಂಚಿನ ಮ್ಯಾಲ ಬೇಯಿಸೋರು. ಒಬ್ಬಾಕಿ ಮಾತ್ರ ಮೂರೂ ದಿನ ಒಲಿ ಮುಂದ ಕುಂತಾಕಿ. ಕಡೀಗೆ ನಮ್ಮ ಅತ್ತಿ ಎಲ್ಲಾರಿಗೂ ಗುಳೇದಗುಡ್ಡದ ಖಣ ಕೊಡಬೇಕಂತ ಮಾಡಿ, "ಆಕೀ ಏನು ಮಾಡಿದ್ಲವಾ?" ಅಂತ ನನ್ನ ಕೇಳಿದ್ರು. "ಏನಿಲ್ರಿ ಅತ್ತಿ, ಸುಮ್ನ ಒಲಿ ಮುಂದ ಕುಂತಿದ್ಲು" ಅಂದೆ. ಉಳಿದವರೂ ಹೂಂ ಅಂದ್ರು. ಆಕೀಗೆ ಖಣ ಸಿಗಲಿಲ್ಲ, ಎಲಿ ಅಡಿಕಿ ಕೊಟ್ಟು ಕಳಿಸಿದ್ರು.

ಮರುದಿನ ಇನ್ನೂ ಒಂದಿಷ್ಟು ರೊಟ್ಟಿ ಬೇಕಾದ್ವು. ಆಕಿ ಬರಲಿಲ್ಲ. ನಾವು ಪಾಳಿ ಹಚ್ಚಿ ಒಲಿ ನೋಡಿಕೊಂಡ್ವಿ. ಒಮ್ಮೆ ಉರಿ ಹೆಚ್ಚಾಗಿ ರೊಟ್ಟಿ ಕರಕಾದ್ವು, ಒಮ್ಮೆ ಹಸಿ ಉಳದ್ವು, ಹೊಗಿಗೆ ಎಲ್ಲಾರ ಕಣ್ಣಾಗೂ ನೀರು. ಆಕಿ ಎಂಥಾ ಕೆಲಸ ಮಾಡ್ತಿದ್ಲು ಅಂತ ಆಗ ತಿಳೀತು. ಇವತ್ತಿಗೂ ಎದುರು ಬಂದ್ರ ಚೊಲೋ ಮಾತಾಡ್ತಾಳ. ಆದ್ರ ನಮ್ಮ ಮನಿ ಒಲಿ ಮುಂದ ಮತ್ತ ಕುಂತಿಲ್ಲ. ನಾನೂ ತಪ್ಪಾತು ಅಂತ ಅಂದಿಲ್ಲ.

ಇದನ್ನ ಮಗಳಿಗೆ ಹೇಳಿದೆ. ಇಷ್ಟು ಮಾರ್ಕ್ಸ್ ಹಾಕು ಅಂತ ಮಾತ್ರ ಹೇಳಲಿಲ್ಲ, ಅದು ಅವಳ ಕೆಲಸ. "ಮೊದಲ ಒಂದು ಹಾಳಿ ತಗೋ. ಯಾವ ದಿನ ಯಾರು ಏನು ಮಾಡಿದ್ರು ಅಂತ ಬರಿ. ಮಾರ್ಕ್ಸ್ ಆಮ್ಯಾಲ ಹಾಕು" ಅಂದೆ.

ಸಿಟ್ಟಿಲೆ ಕುಂತಾಕಿ ಬರಕೋಂತ ಬರಕೋಂತ ಸುಮ್ನಾದ್ಲು. ಮೂರೂ ಐತವಾರ ಮುಂಜಾನಿ ಮೊದಲನೇ ಬಸ್ಸಿಗೆ ಬಂದಾಕಿ ಆ ಹುನಗುಂದದ ಹುಡುಗಿ. ಉಳಿದವರು ನಮ್ಮ ಪಡಸಾಲ್ಯಾಗ ಲ್ಯಾಪ್‌ಟಾಪ್ ಮುಂದ ಇದ್ದಾಗ ಮನಿ ಮನಿ ತಿರುಗಿದಾಕಿ ಇವಳು. ಕಂಡಿಕಿ ಸುತ್ತೋ ಹೆಣ್ಮಕ್ಕಳ ಬಾಜು ಕುಂತು, ತಾನೂ ಎರಡು ಕಂಡಿಕಿ ಸುತ್ತಿ, ಮಾತಿಗೆಳದು ಕೇಳ್ತಿದ್ಲು. ಇವರು ಬರಕೊಂಡು ಬಂದ ಪ್ರಶ್ನಿಯೊಳಗ "ನೇಯುವವರ ಹೆಸರು" ಅಂತ ಒಂದ ಸಾಲಿತ್ತು, ಹೆಚ್ಚಾಗಿ ಮನಿ ಗಂಡಸಿನ ಹೆಸರ ಬರ್ತಿತ್ತು. "ಕಂಡಿಕಿ ಸುತ್ತೋರು ಯಾರು? ಸೆರಗಿನ ಹಾಸಿಗೆ ಮೈ ಹಾಸು ಕೂಡಿಸೋ ಕೊಂಡಿ ಹಾಕೋರು ಯಾರು?" ಅಂತ ಇನ್ನೆರಡು ಸಾಲು ಕೂಡಿಸಿದಾಕಿ ಆ ಹುಡುಗಿ. ನಾವು ಉಡೋ ಇಳಕಲ್ ಸೀರಿ ಒಬ್ಬರ ಕೈಯಾಗ ಆಗಂಗಿಲ್ಲ ಅಂತ ನಮಗ ಗೊತ್ತು. ಆದ್ರ ಕಂಡಿಕಿ ಸುತ್ತಿದ ಹೆಂಡ್ತಿ, ಅತ್ತಿ ಹೆಸರು ಎಲ್ಲಿ ಬರ್ತೈತಿ ಹೇಳ್ರಿ?

ಮೀಟಿಂಗಿಗೆ ಬರಲಿಲ್ಲ ಅನ್ನೋದೂ ಖರೇನ. ಇವರ ಮೀಟಿಂಗ್ ಇರ್ತಿದ್ದು ನವನಗರದಾಗ ಸಂಜಿ ಆರಕ್ಕ. ಆ ಹೊತ್ತಿಗೆ ಆಕಿ ಹುನಗುಂದದ ಬಸ್ಸಿನ್ಯಾಗ. ಬರಾಕ ಆಗಂಗಿಲ್ಲ ಅಂತ ಬಾಯಿ ಬಿಟ್ಟು ಹೇಳದ್ದು ಆಕೀ ತಪ್ಪು, ಕೇಳದ್ದು ಇವರ ತಪ್ಪು.

ನಮ್ಮಕಿ ಹೊತ್ತಿಗೆ ಬರೋದಕ್ಕ ಆಕೀಗೆ ಕಡಿಮಿನ ಹಿಡದ್ಲು, ಮುಗಿಸಿದ ಕೆಲಸಕ್ಕ ಹೆಚ್ಚು ಹಿಡದ್ಲು, ಕಡೀಗೆ ಎಂಟು ಹಾಕಿ ದಿನಾ ದಿನಾದ್ದು ಕಾರಣ ಬರದ್ಲು. ಉಳಿದ ಮೂರು ಮಂದಿ ಮಾತಾಡ್ಕೊಂಡಂಗ ಎರಡ ಹಾಕಿ ಕೊಟ್ರು.

ಮೇಡಂ ಶಾಣ್ಯಾರು. ಮೂರು ಕಾಗದದಾಗ ಒಂದ ನಮೂನಿ ಎರಡು, ಕಾರಣದ ಜಾಗಾದಾಗ ಖಾಲಿ. ಒಂದರಾಗ ಎಂಟು, ಕೆಳಗ ಕಾರಣ. ಐದೂ ಮಂದಿನ್ನ ಒಬ್ಬೊಬ್ಬರನ್ನ ಕರದು ಕೇಳಿದ್ರು, ಸಮೀಕ್ಷೆ ಹಾಳಿ ತರಿಸಿ ಯಾರ ಅಕ್ಷರ ಅಂತ ನೋಡಿದ್ರು. ಕಾರಣ ಇಲ್ಲದ ಅಂಕಿ ಬಿಟ್ಟು ಲೆಕ್ಕ ಹಾಕಿದ್ರು. ವರದಿಗೆ 40 ಬಂತು. ಆ ಕಂಡಿಕಿ ಸಾಲೇ ಅದರೊಳಗಿನ ಚೊಲೋ ಭಾಗ ಅಂದ್ರಂತ. ಹುನಗುಂದದ ಹುಡುಗಿಗೆ 38, ನಮ್ಮಕಿಗೆ 41. ಕನಸಿನ 47.5 ಹೋತು.

ಯಾರು ಏನು ಬರದ್ರು ಅಂತ ಮೇಡಂ ಯಾರಿಗೂ ಹೇಳಿಲ್ಲ. ಆದ್ರೂ ಹುಡುಗರು ಊಹಿಸಿದ್ರು. ಇಬ್ಬರು ನಮ್ಮಕಿ ಕೂಡ ಮಾತು ಬಿಟ್ಟಾರ. ಅದು ಇನ್ನೂ ಸರಿ ಆಗಿಲ್ಲ. ಹೋದ ವಾರ ಊಟ ಮಾಡೋಮುಂದ "ನೀ ಆ ರೊಟ್ಟಿ ಕತಿ ಹೇಳಬಾರದಿತ್ತವಾ" ಅಂದ್ಲು. ಸ್ವಲ್ಪ ಹೊತ್ತಿಗೆ ತಾನ "ಇಲ್ಲ, ಹೇಳಿದ್ದು ಚೊಲೋ ಆತು" ಅಂದ್ಲು.

ಮುಂದಿನ ಸಲ ಮೇಡಂ ಈ ಕಾಗದಾ ಕೆಲಸದ ನಡುವನೂ ಒಮ್ಮೆ ತುಂಬಸ್ತಾರಂತ, ಮಾರ್ಕ್ಸ್ ಇಲ್ಲದ. ಅದು ನನಗ ಭಾಳ ಸೇರಿತು. ನಡುವ ಕೇಳಿದ್ರ ಮೀಟಿಂಗ್ ಹೊತ್ತು ಬದಲಿ ಮಾಡ್ತಿದ್ರು, ಆ ಹುಡುಗೀನೂ ಫೋನ್ ಎತ್ತಾಕ ಕಲೀತಿದ್ಲು. ಎಲ್ಲಾ ಮುಗದ ಮ್ಯಾಲ ಕೇಳಿದ್ರ ತಿದ್ದಿಕೊಳ್ಳಾಕ ಏನು ಉಳಿತೈತಿ?

ಸಣ್ಣ ಮಕ್ಕಳಿದ್ದವರೂ ಇದನ್ನ ಕಾಲೇಜಿನ ಮಾತು ಅಂತ ಬಿಡಬ್ಯಾಡ್ರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೊಳಗ ಸಾಲಿ ಮಕ್ಕಳ ಪ್ರಗತಿ ಪತ್ರದಾಗ ಮಾಸ್ತರು ಹಾಕೋದರ ಜೋಡಿ ಮಗು ತನ್ನ ಬಗ್ಗೆ ತಾನು ಹೇಳೋದು, ಜೊತಿ ಮಕ್ಕಳು ಹೇಳೋದು ಎರಡೂ ಇರಬೇಕಂತ ಬರದಾರ. ಹಂಗ ಒಂದು ಕಾಗದಾ ನಿಮ್ಮ ಮನಿಗೆ ಬಂದ್ರ, ಮಗುವಿಗೆ "ಗೆಳತಿಗೆ ಎಷ್ಟು ಹಾಕಿದಿ?" ಅಂತ ಕೇಳಬ್ಯಾಡ್ರಿ. "ಆಕಿ ಏನು ಮಾಡಿದ್ಲು, ನೀ ಕಂಡಿದ್ದು ಹೇಳು" ಅಂತ ಕೇಳ್ರಿ. ಕೆಲಸ ನೆನಪಾದ ಮ್ಯಾಲ ಹಾಕಿದ ಅಂಕಿ ಬ್ಯಾರೆನ ಬರತೈತಿ.

ಇನ್ನ ನನ್ನ ಬಾಕಿ ಒಂದು ಉಳದೈತಿ. ಬರೋ ಐತವಾರ ಗುಳೇದಗುಡ್ಡದ ಒಂದು ಖಣ ತಗೊಂಡು ಓಣಿ ಆಚೀಕಡೆ ಮನಿಗೆ ಹೋಗಾಕಿ ಇದ್ದೀನಿ. ಇಪ್ಪತ್ತೇಳು ವರ್ಷ ತಡಾ ಆಗೇತಿ. ಆಕಿ ತಗೋತಾಳೋ ಇಲ್ಲೋ, ಸಂಡಗಿ ಬರೀಮುಂದ ಹೇಳ್ತೀನಿ.