ಸ್ಟಾರ್ಟರ್ ಡಬ್ಬಿ ಬಾಜೂಕಿನ ಕಟ್ಟಿಗೆ

ನಮ್ಮ ಕಡೆ ಯಾರದೇ ಬಾವಿ ಹತ್ರ ಹೋಗ್ರಿ, ಸ್ಟಾರ್ಟರ್ ಡಬ್ಬಿ ಬಾಜೂಕ ಒಂದು ಒಣ ಕಟ್ಟಿಗೆ ಇರ್ತದ. ತೊಗರಿ ಕಟ್ಟಿಗೆನೋ, ಬೇವಿನ ಟೊಂಗೆನೋ. ಹೊಸಬರು ಕೇಳಿದ್ರ, "ಡಬ್ಬಿ ಜರಾ ಝುಮ್ ಅಂತದ, ಕೈ ಹಚ್ಚಬ್ಯಾಡ್ರಿ, ಇದರಿಂದ ಬಟನ್ ಒತ್ರಿ" ಅಂತೀವಿ. ನನ್ನ ಹೊಲದಾಗೂ ಎರಡು ವರ್ಷದಿಂದ ಅಂಥದೊಂದು ಕಟ್ಟಿಗೆ ಇತ್ತು. ಇವತ್ತು ಬರೆಯೋದು ಅದರ ಬಗ್ಗೆ.

ನಮ್ಮ ಹೊಲ ಬಸವಕಲ್ಯಾಣ ತಾಲ್ಲೂಕಿನಲ್ಲಿ. ಎರಡು ಎಕರೆ ಕಬ್ಬು, ಉಳಿದದ್ದು ತೊಗರಿ, ಕಡಲೆ. ನೀರು ಬಿಡುವ ಕೆಲಸ ಕಾಕಾ ಅವರದು. ಸಂಬಂಧಿಕರಲ್ಲ, ಹನ್ನೊಂದು ವರ್ಷದಿಂದ ನಮ್ಮಲ್ಲಿ ದುಡಿಯುವವರು, ವಯಸ್ಸಿಗೆ ಮರ್ಯಾದೆ ಕೊಟ್ಟು ಕಾಕಾ ಅಂತೀನಿ. ಹೋದ ಜನವರಿಯಲ್ಲಿ ಥ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಿತ್ತು. ಒಂದು ದಿನ ನಡುರಾತ್ರಿ ಕರೆಂಟು ಹೋಗಿ ಮತ್ತೆ ಬಂತು. ಕಾಕಾ ಮೋಟರ್ ಚಾಲೂ ಮಾಡಲಿಕ್ಕೆ ಎದ್ದು ಹೋದರು. ಕತ್ತಲಲ್ಲಿ ಕಟ್ಟಿಗೆ ಸಿಗಲಿಲ್ಲ. ಬರಿಗಾಲು, ಕಾಲುವೆಯ ಹಸಿ ಮಣ್ಣು. ಬೆರಳಿನಿಂದಲೇ ಬಟನ್ ಒತ್ತಲು ಹೋದಾಗ ಅಂಗೈ ಡಬ್ಬಿಗೆ ತಾಗಿತು.

ಪುಣ್ಯಕ್ಕೆ ಕರೆಂಟು ಹಿಡಿದುಕೊಳ್ಳಲಿಲ್ಲ, ಒಗೆಯಿತು. ಕಲ್ಲಿನ ಮೇಲೆ ಬಿದ್ದು ಭುಜಕ್ಕೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಅಲ್ಲೇ ಅವರ ಹೆಂಡತಿ ನನಗೆ ಒಂದೇ ಮಾತು ಕೇಳಿದರು: "ಡಬ್ಬಿ ಹೊಡೀತದಂತ ನಿಮಗ ಗೊತ್ತಿತ್ತೇನ್ರಿ ಅಣ್ಣಾ?"

ಗೊತ್ತಿತ್ತು. ಗೊತ್ತಿದ್ದಕ್ಕೇ ಕಟ್ಟಿಗೆ ಇಟ್ಟಿದ್ದೆ. ಡಬ್ಬಿ ರಿಪೇರಿ ಮಾಡಿಸುವುದು ನನ್ನ ಕೆಲಸ. ಅದನ್ನು ಮಾಡದೆ, ಹುಷಾರಾಗಿ ಇರುವ ಕೆಲಸ ಅವರ ತಲೆಗೆ ಕಟ್ಟಿದ್ದೆ.

ಮರುದಿನ ಇಲೆಕ್ಟ್ರೀಷಿಯನ್ ಬಂದು ಡಬ್ಬಿ ಬಿಚ್ಚಿದ. ಕೇಬಲ್ ಒಳಗೆ ಹೋಗುವ ತೂತಿನ ಹತ್ತಿರ ರಬ್ಬರ್ ಸವೆದು, ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು. ಅರ್ಥಿಂಗ್ ವೈರು ಬೋಲ್ಟಿಗೆ ಇತ್ತು, ನೆಲದಾಗ ಇರಲಿಲ್ಲ. ಬದು ಕೆತ್ತುವಾಗ ಕಡಿದು ಹೋಗಿದೆ. ಬದು ಕೆತ್ತಿದವನು ನಾನೇ.

ನನ್ನ ತಮ್ಮ ಹುಮನಾಬಾದ್ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾನೆ. ಅವನಿಗೆ ಹೇಳಿದಾಗ ಅಂದ: "ನಮ್ಮಲ್ಲಿ ಮಶೀನಿಗೆ ಕೈ ಹಾಕೋದಕ್ಕ ಮೊದಲ ಮೇನ್ ಬಂದ್ ಮಾಡಿ ಕೀಲಿ ಹಾಕ್ತೀವಿ. ಕೀಲಿ ಯಾರು ಕೆಲಸ ಮಾಡ್ತಾರ, ಅವರ ಕಿಸೆದಾಗೇ ಇರ್ತದ. ನಿನ್ನ ಹೊಲದಾಗ ಕಾಕಾನ ಕಿಸೆದಾಗ ಏನಿತ್ತಣ್ಣಾ?" ಫ್ಯಾಕ್ಟರಿಗಂತ 1948ರಾಗೇ ಕಾಯ್ದೆ ಬಂದಿತ್ತು, ಇನ್‌ಸ್ಪೆಕ್ಟರ್ ಬರ್ತಾರ. ನಮ್ಮ ಬಾವಿ ನೋಡಲಿಕ್ಕೆ ಯಾರೂ ಬರಲ್ಲ. ಹಂಗಂತ ಕಾನೂನು ನಮ್ಮನ್ನು ಬಿಟ್ಟಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ವಿದ್ಯುತ್ತಿನಿಂದ ನಡೆಯುವ ಯಂತ್ರದಿಂದ ಹೊಲದ ಕೆಲಸ ಮಾಡುವವರ ಹೆಸರು ಇತ್ತು. ಅಂದ್ರ ಬಾವಿ ಕಟ್ಟೆನೂ ಕೆಲಸದ ಜಾಗಾನೇ, ನಾವೂ ಮಾಲೀಕರೇ.

ಯಾರ ಜವಾಬ್ದಾರಿ ಎಲ್ಲಿಗೆ ಮುಗೀತದ ಅಂತ ಭಾಳ ಮಂದಿಗೆ ಗೊಂದಲ ಅದ. ಕಂಬ, ಲೈನು, ಟಿಸಿ ಜೆಸ್ಕಾಂದು. ಅಲ್ಲಿ ಫ್ಯೂಸ್ ಹೋದ್ರ ನಾವು ಕೈ ಹಾಕಬಾರದು, ಆಳಿಗಂತೂ ಹೇಳಲೇಬಾರದು. ಲೈನ್‌ಮ್ಯಾನ್‌ಗೆ ಹೇಳ್ರಿ, ಇಲ್ಲಾ 1912ಕ್ಕೆ ಫೋನ್ ಮಾಡ್ರಿ. ಒಂದು ಪಾಳಿ ನೀರು ತಪ್ಪಿದ್ರ ಕಬ್ಬು ಸಾಯಲ್ಲ. ಸರ್ವಿಸ್ ವೈರು ನಮ್ಮ ಬೋರ್ಡಿಗೆ ಬಂದು ಮುಟ್ಟಿದ ಮೇಲೆ ಮೇನ್ ಸ್ವಿಚ್, ಸ್ಟಾರ್ಟರ್, ಕೇಬಲ್, ಅರ್ಥಿಂಗ್ ಎಲ್ಲಾ ನಮ್ಮದು.

ನಾನು ಮಾಡಿಸಿದ್ದು ಇಷ್ಟು. ಕೇಬಲ್ ಬದಲಾಯಿಸಿದೆ. ಆಳವಾದ ಕುಣಿ ತೋಡಿಸಿ, ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿ ಹೊಸ ಅರ್ಥಿಂಗ್ ಹಾಕಿಸಿದೆ. ನೆಲ ಒಣಗಿದ್ರ ಅರ್ಥಿಂಗ್ ಕೆಲಸ ಮಾಡಲ್ಲ, ಅದಕ್ಕೆ ಬ್ಯಾಸಿಗ್ಯಾಗ ಕುಣಿಗೆ ನೀರು ಹಾಕಬೇಕು. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂಡಿಸಿದೆ. ಹಳೇ 60 ವ್ಯಾಟ್ ಬಲ್ಬು ಸುಮಾರು 260 ಮಿಲಿಆಂಪಿಯರ್ ಎಳೀತದ. ಅದರ ಎಂಟನೇ ಒಂದು ಪಾಲು ಸೋರಿದ್ರೂ ಇದು ಕಣ್ಣು ಮಿಟುಕಿಸೋದ್ರಾಗ ಕರೆಂಟು ಕಡೀತದ. ಪದೇ ಪದೇ ಬೀಳ್ತದಂತ ಬೈಪಾಸ್ ಮಾಡಬ್ಯಾಡ್ರಿ. ಬೀಳಲತ್ತದಂದ್ರ ಎಲ್ಲೋ ಸೋರಲತ್ತದ, ಹುಡುಕ್ರಿ. ಡಬ್ಬಿ ಮುಂದೆ ರಬ್ಬರ್ ಮ್ಯಾಟು, ಮೇಲೆ ಒಂದು ಲೈಟು, ಕಾಕಾಗೆ ಬೂಟು. ಎಲ್ಲಾ ಸೇರಿ ನಾಲ್ಕೈದು ಚೀಲ ಡಿಎಪಿ ರೊಕ್ಕ ಆಯ್ತು.

ಕಾಕಾ ಎರಡು ತಿಂಗಳು ಕೆಲಸಕ್ಕೆ ಬರಲಿಲ್ಲ. ಆ ಪಗಾರ, ದವಾಖಾನಿ ಖರ್ಚು ಕೊಟ್ಟೆ. ಉಪಕಾರ ಅಂತ ಯಾರೂ ತಿಳಿಯಬ್ಯಾಡ್ರಿ, ಅದು ಬಾಕಿ. ವಾಪಸ್ ಬಂದ ದಿನ ಅವರು ಡಬ್ಬಿ ಮುಂದೆ ನಿಂತು ಕಟ್ಟಿಗೆ ಹುಡುಕಿದರು. "ಈಗ ಬೇಕಾಗಿಲ್ಲ ಕಾಕಾ" ಅಂದೆ. ಆದರೂ ಅವರ ಕೈ ಮುಂದೆ ಹೋಗಲಿಲ್ಲ. ನಾನೇ ಮೊದಲು ಅಂಗೈ ಡಬ್ಬಿ ಮೇಲೆ ಇಟ್ಟೆ. ಆಮೇಲೆ ಅವರು ಒತ್ತಿದರು.

ನಿಮ್ಮ ಸ್ಟಾರ್ಟರ್ ಹತ್ರ ಕಟ್ಟಿಗೆ ಅದ ಏನ್ರಿ? ಇದ್ರ ಈ ವಾರವೇ ಇಲೆಕ್ಟ್ರೀಷಿಯನ್‌ಗೆ ಕರೀರಿ. ಅಲ್ಲಿ ತನಕ ಮೇನ್ ಬಂದ್ ಇರಲಿ.