ಜೇಬಿನೊಳಗಿನ ಕಚೇರಿ

ಕಚೇರಿ ಎಂದ ಮೇಲೆ ಮುಖ್ಯವಾಗಿ ಇರಬೇಕಾದ್ದು ಯಾವುದು? ಮೇಜಲ್ಲ, ಕುರ್ಚಿಯಲ್ಲ, ಸಾಹೇಬರೂ ಅಲ್ಲ, ಬಾಗಿಲು. ನಾನು 32 ವರ್ಷ ಲೆಕ್ಕ ಬರೆದ ಕಚೇರಿಯಲ್ಲಿ ಸಂಜೆ ಐದೂವರೆಗೆ ಜವಾನ ಬೀಗ ಹಾಕಿ ಒಮ್ಮೆ ಜಗ್ಗಿ ನೋಡುತ್ತಿದ್ದ. ಅಲ್ಲಿಗೆ ಲೆಡ್ಜರುಗಳು, ತಾಳೆಯಾಗದ ಹದಿನೇಳು ರೂಪಾಯಿ, ಸಾಹೇಬರ ಸಿಡುಕು ಎಲ್ಲವೂ ಒಳಗುಳಿಯುತ್ತಿದ್ದವು. ಮನೆಗೆ ಬರುತ್ತಿದ್ದವನು ನಾನೊಬ್ಬನೇ.

ನನ್ನ ಮಗಳ ಕಚೇರಿಗೆ ಬಾಗಿಲಿಲ್ಲ. ಅದು ಅವಳ ಕೈಚೀಲದಲ್ಲಿದೆ. ಔಷಧಿಯ ಸಗಟು ವ್ಯಾಪಾರದ ಸಂಸ್ಥೆಯೊಂದರಲ್ಲಿ ಅವಳದು ದಾಸ್ತಾನಿನ ಲೆಕ್ಕ. ಸಾರಿಗೆ ಒಗ್ಗರಣೆ ಹಾಕುತ್ತಲೇ ಮೊಬೈಲಿನಲ್ಲಿ ಕಚೇರಿಯ ಕಂಪ್ಯೂಟರನ್ನು ತೆರೆಯುತ್ತಾಳೆ.

"ಅಷ್ಟು ಲೆಕ್ಕ ಈ ಅಂಗೈಯಗಲದ ಪೆಟ್ಟಿಗೆಯಲ್ಲಿ ಹೇಗೆ ಹಿಡಿಯಿತಮ್ಮ?" ಎಂದು ಕೇಳಿದೆ.

"ಲೆಕ್ಕ ಅಲ್ಲೇ ಇದೆ ಅಪ್ಪ. ಇಲ್ಲಿಗೆ ಬರೋದು ಅದರ ಚಿತ್ರ ಮಾತ್ರ. ನಾನು ಬೆರಳಿಟ್ಟರೆ ಕೆಲಸ ಅಲ್ಲಿ ಆಗುತ್ತೆ."

ಸಂಜಯನಿಗೂ ಈ ಭಾಗ್ಯವಿರಲಿಲ್ಲ. ಅವನು ದೂರದ ಯುದ್ಧವನ್ನು ಕಂಡು ಹೇಳಿದನೇ ಹೊರತು ಬಾಣ ಬಿಡಲಿಲ್ಲ.

ಇದಕ್ಕೆ ಕಾವಲೂ ಬಲವಾಗಿದೆ. ಸುದ್ದಿಯೆಲ್ಲ ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಲ್ಲಿ ಸಾಗುತ್ತದೆ. ಗುಪ್ತಪದ ಸಾಲದೆಂದು 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಗಳ ಸಂಖ್ಯೆ ಬೇರೆ. ಫೋನು ಕಳೆದುಹೋದರೆ ಅದರಲ್ಲಿರುವ ಕಚೇರಿಯ ಭಾಗವನ್ನು ದೂರದಿಂದಲೇ ಅಳಿಸಿಹಾಕಬಹುದಂತೆ. ಮನೆಯಿಂದ ಕಚೇರಿಯೊಳಗೆ ಕಳ್ಳ ನುಗ್ಗದಂತೆ ಇಷ್ಟು ಬೀಗ. ಕಚೇರಿ ಮನೆಯೊಳಗೆ ನುಗ್ಗದಂತೆ ಒಂದೂ ಇಲ್ಲ!

1999ರಲ್ಲಿ ಕೆನಡಾದ ಸಂಸ್ಥೆಯೊಂದು ಬ್ಲ್ಯಾಕ್‌ಬೆರಿ ಎಂಬ ಯಂತ್ರವನ್ನು ತಂದು ಕಚೇರಿಯ ಅಂಚೆಯನ್ನು ಅಧಿಕಾರಿಗಳ ಸೊಂಟಕ್ಕೆ ಕಟ್ಟಿತು. ಅದರ ಹಳೆಯ ಫೋನುಗಳ ಸೇವೆ 2022ರ ಜನವರಿಯಲ್ಲಿ ನಿಂತಿತು. ಅಭ್ಯಾಸ ಮಾತ್ರ ನಿಲ್ಲಲಿಲ್ಲ.

ಹಾಗೆಂದು ಈ ಯಂತ್ರವನ್ನು ಬಯ್ಯಲು ನನಗೆ ಬಾಯಿ ಬಾರದು. ಹೋದ ಮಳೆಗಾಲದಲ್ಲಿ ನನ್ನ ಹೆಂಡತಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮಗಳಿಗೆ ಉಳಿದಿದ್ದುದು ಎರಡೇ ದಿನದ ರಜೆ. ಆದರೂ ಹನ್ನೊಂದು ದಿನವೂ ತಾಯಿಯ ಮಂಚದ ಪಕ್ಕದಲ್ಲಿದ್ದಳು, ಈ ಫೋನಿನ ದಯೆಯಿಂದ. ಹಿಂದೆ ನನ್ನ ತಾಯಿ ಹಾಸಿಗೆ ಹಿಡಿದಾಗ ಕಚೇರಿಯಲ್ಲಿ ಮಾರ್ಚಿ ತಿಂಗಳ ಲೆಕ್ಕ, ರಜೆ ಸಿಗಲಿಲ್ಲ. ನಾನು ಊರು ಮುಟ್ಟಿದಾಗ ಜಗುಲಿಯ ಮೇಲೆ ಜನ ಕೂತಿದ್ದರು. ಬಾಗಿಲಿದ್ದ ಕಚೇರಿ ಒಳಗಿದ್ದವನನ್ನು ಹೊರಕ್ಕೆ ಬಿಟ್ಟಿರಲಿಲ್ಲ.

ಆಸ್ಪತ್ರೆಯ ಹತ್ತನೆಯ ದಿನ ನನ್ನಾಕೆ ಮಗಳಿಗೆ ತನ್ನ ಬಾಲ್ಯದ ಯಾವುದೋ ಕಥೆ ಹೇಳುತ್ತಿದ್ದಳು. ಫೋನು ಗುಂಯ್ ಎಂದಿತು. ಮಗಳು ಅದರ ಮೇಲೆ ಬೆರಳಾಡಿಸಿ, ತಲೆಯೆತ್ತಿ, "ಆಮೇಲೆ ಏನಾಯ್ತಮ್ಮ?" ಎಂದಳು.

"ಮುಗೀತು ಕಣೇ. ಹೇಳಿದೆನಲ್ಲ," ಎಂದಳು ತಾಯಿ.

ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ವಾಸಿಯಾಗಿತ್ತು.

ಫ್ರಾನ್ಸಿನಲ್ಲಿ ಕೆಲಸದ ವೇಳೆ ಮೀರಿದ ಮೇಲೆ ಫೋನಿನಿಂದ ಬಿಡುಗಡೆ ಪಡೆಯುವ ಹಕ್ಕು 2017ರ ಜನವರಿಯಿಂದ ಕಾನೂನಾಗಿದೆ. ಆಸ್ಟ್ರೇಲಿಯದಲ್ಲಿ 2024ರ ಆಗಸ್ಟಿನಿಂದ ಬಂದಿದೆ. ನಮ್ಮ ಲೋಕಸಭೆಯಲ್ಲಿಯೂ ಇಂಥ ಖಾಸಗಿ ಮಸೂದೆ ಮಂಡನೆಯಾದದ್ದುಂಟು. ಮಂಚದ ಪಕ್ಕದಲ್ಲಿ ಕೂರಲು ಬಿಡುವ ಕಚೇರಿಯೂ ಬೇಕು, ಕಥೆ ಮುಗಿಯುವ ತನಕ ಸುಮ್ಮನಿರುವ ಕಚೇರಿಯೂ ಬೇಕು. ಎರಡನ್ನೂ ಕೇಳುವುದು ಅತಿಯಾಸೆಯೆಂದು ನನಗೆ ತೋರುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಇಟ್ಟೊಡನೆ ಫೋನು ನಡುಮನೆಯ ಗೂಡು ಸೇರುತ್ತದೆ. ಅದು ಅಲ್ಲಿಂದ ಗುಂಯ್ ಎಂದರೆ ಮಗಳು ಏಳುವುದಿಲ್ಲ. ಕಲಸುತ್ತಿದ್ದ ಕೈ ಮಾತ್ರ ಒಂದು ಕ್ಷಣ ನಿಲ್ಲುತ್ತದೆ. ನನ್ನಾಕೆಯೂ ಕಥೆಯನ್ನು ಅಷ್ಟು ಹೊತ್ತು ನಿಲ್ಲಿಸಿ, ಆ ಕೈ ಮತ್ತೆ ಆಡತೊಡಗಿದ ಮೇಲೆ ಮುಂದುವರಿಸುತ್ತಾಳೆ.