ಮೀರಾಸಿನ ಲೆಕ್ಕ ಮತ್ತು ಕಂಪ್ಯೂಟರ್ ತರಗತಿ

ವಿದ್ಯೆಗಾಗಿ ತಮ್ಮ ಆಸ್ತಿಯನ್ನೇ ಮುಡಿಪಿಟ್ಟ ಲಿಂಗರಾಜ ದೇಸಾಯಿಯವರ ಊರು ಸಿರಸಂಗಿ. ಇಲ್ಲಿಂದಲೂ ಸವದತ್ತಿ, ರಾಮದುರ್ಗದ ಹಳ್ಳಿಗಳಿಂದಲೂ ನಮ್ಮ ಮಕ್ಕಳು ಇಂದು ಬೆಳಗಾವಿ, ಹುಬ್ಬಳ್ಳಿಗಳ ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಮಗನ ನಮಾಝ್ ತಪ್ಪದಿರಲು ಏನು ಮಾಡಬೇಕು, ಹಾಸ್ಟೆಲಿನ ಊಟ ಹಲಾಲ್ ಆಗಿದೆಯೇ ಎಂದು ಹೆತ್ತವರು ನಮ್ಮಲ್ಲಿ ವಿಚಾರಿಸುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳಿವು. ಆದರೆ ಅವನು ಕಲಿಯುವ ವಿದ್ಯೆಯೊಳಗಿನ ಹಲಾಲ್-ಹರಾಮ್ ಯಾವುದು, ಅದನ್ನು ಅವನಿಗೆ ಕಲಿಸುವವರು ಯಾರು ಎಂದು ಕೇಳಿದವರು ವಿರಳ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಈ ಅಗತ್ಯವನ್ನು ಮರೆತಿಲ್ಲ. ಅದರ 2022ರ ಪಠ್ಯಕ್ರಮದಲ್ಲಿ ಸಾರ್ವತ್ರಿಕ ಮಾನವೀಯ ಮೌಲ್ಯಗಳ ಕುರಿತೇ ಒಂದು ವಿಷಯವಿದೆ. ಪದವಿಯ 160 ಕ್ರೆಡಿಟ್‌ಗಳಲ್ಲಿ ಅದರ ಪಾಲು 1. ಪರೀಕ್ಷೆಯು ಸರಿಯುತ್ತರವನ್ನು ಗುರುತಿಸುವ ಮಾದರಿಯದು. ಪ್ರಾಮಾಣಿಕತೆ ಎಂದರೇನು ಎಂಬ ಪ್ರಶ್ನೆಗೆ ಅಪ್ರಾಮಾಣಿಕನೂ ಸರಿಯುತ್ತರವನ್ನೇ ಗುರುತಿಸಬಲ್ಲನು!

ಮದ್ರಸಾಗಳಲ್ಲಿ ಶತಮಾನಗಳಿಂದ ಬೇರೊಂದು ಕ್ರಮ ನಡೆದುಬಂದಿದೆ. ಮೀರಾಸಿನ ಹಂಚಿಕೆಯನ್ನು ಕಲಿಸುವ ಫರಾಯಿಝ್ ಪಾಠವನ್ನೇ ನೋಡಿರಿ. ಮಕ್ಕಳಾಗಲಿ ತಂದೆತಾಯಿಯಾಗಲಿ ಇಲ್ಲದ ಸ್ತ್ರೀಯೊಬ್ಬಳು ಪತಿಯನ್ನೂ ಇಬ್ಬರು ಒಡಹುಟ್ಟಿದ ಸಹೋದರಿಯರನ್ನೂ ಅಗಲಿದಳೆನ್ನೋಣ. ಪತಿಗೆ ಅರ್ಧ, ಸಹೋದರಿಯರಿಗೆ ಮೂರರಲ್ಲಿ ಎರಡು ಪಾಲು. ಕೂಡಿಸಿದರೆ ಮೊತ್ತವು ಒಂದನ್ನು ಮೀರುತ್ತದೆ. ಹಝ್ರತ್ ಉಮರ್(ರ)ರ ಕಾಲದಲ್ಲಿ ಸಹಾಬಿಗಳೊಂದಿಗೆ ಸಮಾಲೋಚಿಸಿ, ಕೊರತೆಯನ್ನು ಯಾರೊಬ್ಬರ ಮೇಲೂ ಹೊರಿಸದೆ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಲಾಯಿತು. 7 ಲಕ್ಷ ರೂಪಾಯಿಯಿದ್ದರೆ ಪತಿಗೆ 3 ಲಕ್ಷ, ಸಹೋದರಿಯರಿಬ್ಬರಿಗೂ ಸೇರಿ 4 ಲಕ್ಷ. ಇದಕ್ಕೆ ಔಲ್ ಎನ್ನುತ್ತಾರೆ. ಇಲ್ಲಿ ಗಣಿತವು ಎಲ್ಲಿ ಮುಗಿದು ನ್ಯಾಯವು ಎಲ್ಲಿ ಆರಂಭವಾಯಿತೆಂದು ಗೆರೆ ಎಳೆಯಲಾಗದು. ಲೆಕ್ಕ ತಪ್ಪಿದ ವಿದ್ಯಾರ್ಥಿಗೆ ಅಂಕವಷ್ಟೇ ಹೋಗುವುದಿಲ್ಲ, ಯಾರದೋ ಹಕ್ಕು ಹೋಗುತ್ತದೆ. ಆಲ್ಗಾರಿದಂ ಎಂಬ ಪದಕ್ಕೆ ಮೂಲವಾದ ಹೆಸರಿನ ಅಲ್ ಖ್ವಾರಿಝ್ಮಿಯೂ 9ನೇ ಶತಮಾನದ ತನ್ನ ಬೀಜಗಣಿತದ ಗ್ರಂಥದಲ್ಲಿ ವಸಿಯ್ಯತ್ ಮತ್ತು ಮೀರಾಸಿನ ಲೆಕ್ಕಗಳಿಗೆ ದೊಡ್ಡ ಭಾಗವನ್ನೇ ಮೀಸಲಿಟ್ಟಿದ್ದನು.

ಕೋಡ್ ಕಲಿಸುವ ತರಗತಿಯೂ ಹೀಗೆಯೇ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಮೊಬೈಲಿನಲ್ಲಿ ಸಾಲ ಕೊಡುವ ಕೆಲವು ಆ್ಯಪ್‌ಗಳು ಸಾಲಗಾರನ ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ಎತ್ತಿಕೊಳ್ಳುತ್ತಿದ್ದವು. ಕಂತು ತಪ್ಪಿದರೆ ವಸೂಲಿಯವರು ಅವನ ಬಂಧುಬಳಗಕ್ಕೆಲ್ಲ ಕರೆಮಾಡಿ ಮಾನ ಕಳೆಯುತ್ತಿದ್ದರು. 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿಯು, ಇಂಥ ಆ್ಯಪ್‌ಗಳು ಫೋನಿನ ಸಂಪರ್ಕಪಟ್ಟಿ, ಕರೆಗಳ ವಿವರ, ಕಡತಗಳನ್ನು ಮುಟ್ಟಕೂಡದೆಂದಿತು. ಆದರೆ ಆ ಪಟ್ಟಿಯನ್ನು ಎತ್ತಿಕೊಳ್ಳುವ ನಾಲ್ಕಾರು ಸಾಲುಗಳನ್ನು ಯಾರೋ ಓದಿದ ಹುಡುಗನೇ ಬರೆದಿದ್ದನಲ್ಲವೇ? ನಾನು ಕೋಡ್ ಬರೆದೆನಷ್ಟೇ, ವಸೂಲಿಗೆ ಹೋಗಲಿಲ್ಲ ಎಂದು ಅವನು ಹೇಳಬಹುದು. ಪ್ರವಾದಿ(ಸ)ರವರಾದರೋ ಬಡ್ಡಿಯನ್ನು ತಿನ್ನುವವನ, ತಿನ್ನಿಸುವವನ ಜೊತೆಗೆ ಅದರ ಪತ್ರ ಬರೆಯುವವನನ್ನೂ ಸಾಕ್ಷಿಗಳಿಬ್ಬರನ್ನೂ ಶಪಿಸಿ, ಅವರೆಲ್ಲರೂ ಸಮಾನರೆಂದು ತಿಳಿಸಿದ್ದಾರೆ. ಇಂದಿನ ಪತ್ರ ಬರೆಯುವವನು ಯಾರೆಂದು ಮಸೀದಿಯಲ್ಲಿ ಈ ಹದೀಸನ್ನು ವಿವರಿಸುವಾಗ ನಾವು ಹೇಳುತ್ತಿಲ್ಲ.

ಮದೀನಾದ ಪೇಟೆಯಲ್ಲಿ ಪ್ರವಾದಿ(ಸ)ರವರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿದರು. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಕಾರುಗಳ ಮೋಸವೂ ಇದೇ ಬಗೆಯದು. ಪರೀಕ್ಷೆ ನಡೆಯುತ್ತಿದೆಯೆಂದು ಸಾಫ್ಟ್‌ವೇರ್ ಗುರುತಿಸಿ ಆಗ ಮಾತ್ರ ವಿಷಾನಿಲವನ್ನು ತಗ್ಗಿಸುತ್ತಿತ್ತು. ಜಗತ್ತಿನಾದ್ಯಂತ ಅಂಥ ಸುಮಾರು 1 ಕೋಟಿ 10 ಲಕ್ಷ ಕಾರುಗಳಿದ್ದವು. 2017ರಲ್ಲಿ ಅಮೆರಿಕದ ನ್ಯಾಯಾಲಯವು ಕಂಪೆನಿಯ ಇಂಜಿನಿಯರೊಬ್ಬನಿಗೆ 40 ತಿಂಗಳ ಸೆರೆವಾಸ ವಿಧಿಸಿತು. ಸಾಫ್ಟ್‌ವೇರಿನ ಪರೀಕ್ಷೆಯನ್ನು ಕಲಿಸುವ ದಿನವೇ ಲ್ಯಾಬಿನಲ್ಲಿ ಈ ಕಾರಿನ ಮಾತು ಬರಲಿ. ನಮ್ಮ ಮಕ್ಕಳಿಗೆ ಆ ಧಾನ್ಯದ ರಾಶಿಯೂ ನೆನಪಾಗಲಿ.

ಇಲ್ಲೊಂದು ಕಷ್ಟವಿದೆ. ಹೊಲವನ್ನು ಒತ್ತೆಯಿಟ್ಟು ಓದಿಸಿದ ಮನೆಯು ಮೊದಲ ಸಂಬಳಕ್ಕಾಗಿ ಕಾದಿರುತ್ತದೆ. ಕೆಲಸಕ್ಕೆ ಸೇರಿ ತಿಂಗಳಾಗದ ಹುಡುಗನಿಗೆ ಇದನ್ನು ಬರೆಯಲಾರೆನೆಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಆದ್ದರಿಂದ ನಿರಾಕರಿಸುವ ರೀತಿಯನ್ನೂ ಕಲಿಸಬೇಕಾಗುತ್ತದೆ. ಆದೇಶವನ್ನು ಲಿಖಿತವಾಗಿ ಕೇಳುವುದು, ಆಕ್ಷೇಪವನ್ನು ವಿನಯದಿಂದ ದಾಖಲಿಸುವುದು, ಹಾನಿಯಿಲ್ಲದ ಇನ್ನೊಂದು ದಾರಿಯನ್ನು ತಾನೇ ಮುಂದಿಡುವುದು ಇವೆಲ್ಲ ಅಭ್ಯಾಸದಿಂದ ಬರುವ ವಿದ್ಯೆಗಳು. ಜೊತೆಗೆ, ಅವನು ಹಾಗೆ ಹೇಳಿ ಕೆಲಸ ಕಳೆದುಕೊಂಡು ಬಂದರೆ ಮನೆಯವರು ಹೇಗೆ ನಡೆದುಕೊಳ್ಳುವರೆಂಬುದು ಅವನಿಗೆ ಮೊದಲೇ ತಿಳಿದಿರಬೇಕು. ಮುಂದಿನ ಈದ್‌ಗೆ ಮಗನೋ ಮಗಳೋ ಊರಿಗೆ ಬಂದಾಗ ಸಂಬಳವೆಷ್ಟೆಂದು ಕೇಳುವ ಮೊದಲು, ನೀನು ಬರೆಯುವ ಪ್ರೋಗ್ರಾಂ ಏನು ಮಾಡುತ್ತದೆ, ಯಾರ ಮಾಹಿತಿಯನ್ನು ತೆಗೆದುಕೊಳ್ಳುತ್ತದೆ, ಅದು ಅವರಿಗೆ ತಿಳಿದಿದೆಯೇ ಎಂದು ಕೇಳಿರಿ.